ಖಣದ ಕುಂಚಿಗೆಯ ವಾಸನೆ

ನಾಶಿಕದ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದ ರಾಚಪ್ಪನ ಹೆಂಡತಿ ಕಸ್ತೂರಿಬಾಯಿಗೆ ಜಂಬಪಡಲು ಹೆಚ್ಚೇನೂ ಇರಲಿಲ್ಲ. ಇದ್ದದ್ದು ಒಂದು ತಗಡಿನ ಟ್ರಂಕು. ಮದುವೆಯಾಗಿ ಗದಗಿನ ಕಡೆಯಿಂದ ನಾಶಿಕಕ್ಕೆ ಬಂದಾಗ ತಂದ ಆ ಟ್ರಂಕಿನೊಳಗಿನ ಒಂದು ಬಟ್ಟೆಗೂ ಇಂದಿನವರೆಗೆ ನುಸಿ ಬಾಯಿ ಹಾಕಿರಲಿಲ್ಲ. ಪ್ರತಿ ದೀಪಾವಳಿಗೆ ಎಲ್ಲವನ್ನೂ ಹೊರಗೆ ತೆಗೆದು, ಮಡಿಕೆ ಬದಲಿಸಿ, ನಡುನಡುವೆ ಡಾಂಬರ ಗುಳಿಗೆ (ನ್ಯಾಫ್ತಲೀನ್ ಉಂಡೆ) ಇಟ್ಟು ಮುಚ್ಚುತ್ತಿದ್ದಳು. ಬೇರೆಯವರು ಒಂದೆರಡು ಇಟ್ಟರೆ ಈಕೆ ಮುಷ್ಟಿ ತುಂಬ ಸುರಿಯುವವಳು. ಆ ಬಿಳಿ ಗುಳಿಗೆಗಳ ವಾಸನೆ ಅವಳ ಸೀರೆಗೆ, ಹಾಸಿಗೆಗೆ, ಗಂಡನ ಸ್ವೆಟರಿಗೆ ಹತ್ತಿಕೊಂಡಿತ್ತು. ಆ ಸ್ವೆಟರು ಹಾಕಿಕೊಂಡು ಬಸ್ಸು ಹತ್ತಿದರೆ ಸಾಕು, ಯಾರನ್ನೂ ಕೇಳದೆ ಸೀಟು ಸಿಗುತ್ತದೆ ಎಂದು ರಾಚಪ್ಪ ನಗೆಯಾಡುತ್ತಿದ್ದ. ಅವಳಿಗೆ ಮಾತ್ರ ಅದು ಚೊಕ್ಕತನದ ವಾಸನೆ.

ಟ್ರಂಕಿನ ತಳದಲ್ಲಿ ಒಂದು ಕುಂಚಿಗೆ ಇತ್ತು. ಅವಳ ಅತ್ತೆ ಗುಳೇದಗುಡ್ಡದ ಖಣದ ರವಿಕೆ ಬಟ್ಟೆಯಲ್ಲಿ ಹೊಲಿದದ್ದು. ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ, ಕೆಂಪು ಅಂಚಿನ ಕೂಸಿನ ಉಡುಗೆ. ಮಗ ಮನೋಜ ಅದನ್ನು ತೊಟ್ಟಿದ್ದ. ಈಗ ಮನೋಜನಿಗೆ ಗಂಡು ಹುಟ್ಟಿತ್ತು. ಸೊಸೆ ಭಾರ್ಗವಿ ಚೊಚ್ಚಲ ಬಾಣಂತನಕ್ಕೆ ತವರಿಗೆ, ಸಂಭಾಜಿನಗರದಲ್ಲಿ ನೆಲೆಸಿದ್ದ ಕನ್ನಡದವರ ಮನೆಗೆ ಹೋಗಿದ್ದಳು. ಹೆಸರಿಡುವ ದಿನಕ್ಕೆ ಹೊರಟ ಕಸ್ತೂರಿಬಾಯಿ ಕುಂಚಿಗೆಯ ಜೊತೆಗೆ ಅದೇ ಟ್ರಂಕಿನಲ್ಲಿದ್ದ ಮಾವನ ಹಳೆಯ ಧೋತರಗಳನ್ನೂ ತುಂಡು ಮಾಡಿ ಚೀಲಕ್ಕೆ ತುಂಬಿದಳು. ಎಳೆಗೂಸಿಗೆ ಹೊಸ ಬಟ್ಟೆ ಹಾಕಬಾರದು, ಬಾಳಿ ಬದುಕಿದ ಹಿರಿಯರ ಧೋತರದಲ್ಲೇ ಸುತ್ತಬೇಕು ಎಂಬುದು ಅವರ ಮನೆಯ ಪದ್ಧತಿ. ರಾಚಪ್ಪ ಮೊಣಕಾಲಿನ ನೋವಿನಿಂದ ಮನೆಯಲ್ಲೇ ಉಳಿದ. ಕಾರಿನಲ್ಲಿ ಮನೋಜ ವೈಜಾಪುರ ದಾಟುವವರೆಗೂ ಕಿಟಕಿ ತೆರೆದೇ ಇಟ್ಟಿದ್ದ. ಯಾಕೆಂದು ತಾಯಿ ಕೇಳಿದ್ದಕ್ಕೆ, ಗಾಳಿ ಬೇಕು ಎಂದಷ್ಟೇ ಹೇಳಿದ.

ಬೀಗರ ಮನೆಯಲ್ಲಿ ಜನ ಕೂಡಿದ್ದರು. ಭಾರ್ಗವಿ ಕುಂಚಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಲು ಹೋದವಳು ಮೂಗಿನ ಹತ್ತಿರ ಬಂದೊಡನೆ ತಡೆದು ನಿಂತಳು.

"ಅತ್ತಿ, ವಾಸನಿ ಬಾಳ ಐತ್ರಿ. ಒಮ್ಮೆ ತೊಳದು, ಬಿಸಿಲಿಗೆ ಹಾಕಿ, ಆಮ್ಯಾಲ ಹಾಕೂಣೇನ್ರಿ?"

"ಖಣಕ್ಕ ನೀರ ತೋರಿಸಿದ್ರ ಬಣ್ಣ ಬಿಡ್ತೈತೆವಾ. ನಿನ್ನ ಗಂಡ ಇದನ್ನs ಹಾಕ್ಕೊಂಡ ದೊಡ್ಡಾಂವ ಆಗ್ಯಾನ. ನಮ್ಮ ಮನಿ ವಾಸನಿ ನಿನಗ ಹಿಡಸವಲ್ದೇನು?"

ನೆರೆದ ಹೆಂಗಸರು ನಕ್ಕರು. ಭಾರ್ಗವಿ ತಲೆ ತಗ್ಗಿಸಿ ಕೂಸಿಗೆ ಕುಂಚಿಗೆ ಕಟ್ಟಿದಳು. ಅಂದೇ ಭಾರ್ಗವಿಯ ತಾಯಿ ಮಂಜುಳಾಬಾಯಿ ಅರಿಶಿನ ಕುಂಕುಮ ಹಚ್ಚಿ, ಆಯೇರಿಯೆಂದು ಬೀಗಿತ್ತಿಗೆ ಜರಿ ಸೀರೆ ಕೊಟ್ಟಳು. ಕಸ್ತೂರಿಬಾಯಿ ಸೆರಗನ್ನು ಬೆರಳ ನಡುವೆ ತಿಕ್ಕಿ ನೋಡಿ, ರೇಷ್ಮೆಗೆ ಹೆಸರಾದ ಪೈಠಣ ಇಷ್ಟು ಹತ್ತಿರ ಇದ್ದೂ ಪಾಲಿಸ್ಟರ್ ಕೊಟ್ಟಿರೇನ್ರಿ ಬೀಗರ ಎಂದು ಕೇಳಿ ಚೀಲದೊಳಗೆ ತುರುಕಿದಳು. ಆಗಲೂ ಜನ ನಕ್ಕರು. ಮಂಜುಳಾಬಾಯಿಯೂ ನಗಲು ನೋಡಿದಳು.

ಹೆಸರಿಟ್ಟು ಮುಗಿದ ಮೇಲೂ ಕಸ್ತೂರಿಬಾಯಿ ಅಲ್ಲೇ ಉಳಿದಳು; ಮನೋಜನೂ ರಜೆ ಹಾಕಿ ಉಳಿದ. ದಿನವೂ ಬೆಳಗ್ಗೆ ತಾನೇ ಕೂಸಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಮತ್ತೆ ಮೈಗೆಲ್ಲ ತೆಳ್ಳಗೆ ಎಣ್ಣೆ ಸವರಿ, ಮಾವನ ಧೋತರದಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕುಂಚಿಗೆ ಕಟ್ಟಿ ಮಲಗಿಸುತ್ತಿದ್ದಳು. ಮೊದಮೊದಲು ಕೂಸು ಅತ್ತು ಮನೆ ಎಬ್ಬಿಸುತ್ತಿತ್ತು. ಬರಬರುತ್ತ ಅಳು ತಗ್ಗಿತು. ಕೈಗುಣ ಎಂದು ಅವಳು ಬೀಗಿದಳು. ಆದರೆ ಕೂಸು ಹಾಲನ್ನೂ ಬಿಡತೊಡಗಿತು. ಕಣ್ಣಿನ ಬಿಳಿ ಹಳದಿಯಾಯಿತು, ತುಟಿ ಬಿಳಿಚಿಕೊಂಡಿತು. ಒಂದು ಮುಂಜಾನೆ ಧೋತರ ಬಿಚ್ಚಿದರೆ ಉಚ್ಚೆಯ ಕಲೆ ಹಾಲಿಲ್ಲದ ಚಹಾದ ಬಣ್ಣಕ್ಕಿತ್ತು.

ಕಸ್ತೂರಿಬಾಯಿ ಹೆದರಿದಳು. ಹೆದರಿಕೆ ಬಾಯಿಗೆ ಬರುವಾಗ ಸಿಟ್ಟಾಗಿ ಬಂತು. ಓಣಿಯ ಹೆಂಗಸರೆಲ್ಲ ನೋಡಲು ಬಂದು ನಿಂತಾಗಲೇ ಮಂಜುಳಾಬಾಯಿಗೆ ಅಂದಳು:

"ಬಾಣಂತಿಗೆ ಏನ ತಿನಿಸೀರಿ ನೀವು? ಕೂಸು ಬಂಗಾರದಂಗ ಇತ್ತು. ನಿಮ್ಮ ಮಗಳ ಹಾಲs ಕೆಟ್ಟೈತಿ."

ಬಿಸಿಲು ತಾಗಿಸಿದರೆ ಕಾಮಾಲೆ ಇಳಿಯುತ್ತದೆ ಎಂದು ಯಾರೋ ಹೇಳಿದರು. ಕೂಸನ್ನು ಅದೇ ಕುಂಚಿಗೆಯಲ್ಲಿ ಸುತ್ತಿ ಬಿಸಿಲಿಗೆ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಅದು ಕಣ್ಣು ತೆರೆಯಲೊಲ್ಲದು. ಆಗ ಮನೋಜ ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದರು. ಮೈಯಲ್ಲಿನ ರಕ್ತ ಒಳಗೊಳಗೇ ಒಡೆದು ಹೋಗುತ್ತಿದೆ, ಬೇರೆ ರಕ್ತ ಕೊಡಬೇಕು ಎಂದರು. ಮನೋಜ ರಕ್ತ ತರಲು ಹೋದ. ಮಂಜುಳಾಬಾಯಿ ಮಗಳ ಜೊತೆ ತಾಯಂದಿರ ಕೋಣೆಯಲ್ಲಿ ಕೂತಳು. ಹೊರಗೆ ಬೆಂಚಿನ ಮೇಲೆ ಮನೆಯವರಲ್ಲಿ ಕಸ್ತೂರಿಬಾಯಿ ಒಬ್ಬಳೇ ಸಿಕ್ಕದ್ದರಿಂದ ಡಾಕ್ಟರಮ್ಮ ಅವಳನ್ನೇ ಮರಾಠಿಯಲ್ಲಿ ಕೇಳತೊಡಗಿದರು. ತಾಯಿ ಏನಾದರೂ ಔಷಧ ತಿಂದಳೇ? ಕೂಸಿಗೆ ಗಿಡಮೂಲಿಕೆಯ ಗುಟ್ಟಿ ತೇಯ್ದು ಹಾಕಿದಿರಾ? ಮನೆಯಲ್ಲಿ ಬಟ್ಟೆಗೆ ಡಾಂಬರ ಗೋಳಿ ಇಡುತ್ತೀರಾ?

ಕಡೆಯ ಪ್ರಶ್ನೆ ಕೇಳಿದಾಗ ತನ್ನ ಸೆರಗಿನ ವಾಸನೆ ತನಗೇ ಮೊದಲ ಸಲ ಬಂದಂತಾಯಿತು. ಡಾಕ್ಟರಮ್ಮನ ಮೂಗು ಬಾಯಿಗೆ ಮಾಸ್ಕ್ ಇತ್ತು, ಸುತ್ತೆಲ್ಲ ಫಿನೈಲ್. ಕಸ್ತೂರಿಬಾಯಿ ಸೆರಗನ್ನು ಮಡಿಲಲ್ಲಿ ಒತ್ತಿ ಹಿಡಿದು, ಕೂಸು ಇರುವ ಮನೆಯಲ್ಲಿ ಇಡುವುದಿಲ್ಲ ಎಂದಳು.

ಸುಳ್ಳಲ್ಲ. ಬೀಗರ ಮನೆಯಲ್ಲಿ ಯಾರೂ ಇಡುತ್ತಿರಲಿಲ್ಲ. ಡಾಕ್ಟರಮ್ಮ ಅಷ್ಟಕ್ಕೆ ತಲೆಯಾಡಿಸಿ, ಹಾಗಿದ್ದರೆ ಬೇರೆ ಕಾರಣ ಹುಡುಕಬೇಕು, ಗೊತ್ತಾಗುವವರೆಗೆ ತಾಯಿಯ ಹಾಲನ್ನೂ ನಿಲ್ಲಿಸಿರೋಣ ಎಂದು ಹೇಳಿ ಒಳಗೆ ಹೋದರು.

ಕಸ್ತೂರಿಬಾಯಿ ತಾಯಂದಿರ ಕೋಣೆಯ ಬಾಗಿಲ ಮರೆಯಲ್ಲಿ ಹೋಗಿ ನಿಂತಳು. ಒಳಗೆ ಭಾರ್ಗವಿಯ ರವಿಕೆ ಹಾಲಿನಿಂದ ತೊಯ್ದಿತ್ತು. ಕುಡಿಸುವಂತಿಲ್ಲ, ಹಿಂಡಿ ಚೆಲ್ಲಬೇಕು.

"ಆಯಿ, ಅತ್ತಿ ಅಂದದ್ದು ಖರೇನs ಆತು," ಎನ್ನುತ್ತಿದ್ದಳು ಭಾರ್ಗವಿ. "ನನ್ನ ಹಾಲs ಅದಕ್ಕ ಇಷ (ವಿಷ) ಆಗೇತಿ."

ಹೋಗಿ ಹೇಳಬೇಕು ಎಂದು ಕಸ್ತೂರಿಬಾಯಿಗೆ ಅನಿಸಿತು. ಆದರೆ ಗುಳಿಗೆಯಿಂದಲೇ ಅಂತ ಏನು ಗ್ಯಾರಂಟಿ, ಮನೋಜನಿಗೆ ಏನೂ ಆಗಿರಲಿಲ್ಲವಲ್ಲ, ಡಾಕ್ಟರು ಹೇಗೂ ಕಂಡುಹಿಡಿಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಬೆಂಚಿಗೆ ವಾಪಸು ಬಂದು ಕೂತಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಆಚೆ ಸರಿದಳು. ರಾಚಪ್ಪನ ಬಸ್ಸಿನ ಮಾತು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ಸಂಜೆಗೆ ಮುಂಚೆ ಮನೋಜ ರಕ್ತದ ಚೀಲವನ್ನು ಒಳಗೆ ಕೊಟ್ಟು, ಮನೆಯಿಂದ ಬಟ್ಟೆಯ ಗಂಟು ತಂದ. ದೀಪ ಸ್ವಲ್ಪ ಹೊತ್ತು ಆರಿಸಿ ತಾಯಿಗೆ ಕೂಸು ತೋರಿಸುವುದಾಗಿ ನರ್ಸ್ ಹೇಳಿದ್ದಳು. ಸುತ್ತಲು ಬಟ್ಟೆ ಬೇಕಿತ್ತು. ಭಾರ್ಗವಿ, ಮಂಜುಳಾಬಾಯಿ ಬಾಗಿಲಿಗೆ ಬಂದು ನಿಂತರು. ಮನೋಜ ಗಂಟು ಬಿಚ್ಚಿದ. ಮೇಲೆಯೇ ಇತ್ತು ಖಣದ ಕುಂಚಿಗೆ, ಕೆಳಗೆ ಧೋತರದ ತುಂಡುಗಳು.

"ಅಜ್ಜನ ಧೋತರನೂ ತಂದೀನಿ ಅವ್ವಾ. ಮೈಮ್ಯಾಲಿದ್ರ ಬಲ ಬರ್ತದ ಅಂತಿದ್ದೆಲ್ಲ."

ನರ್ಸ್ ಕೈ ಚಾಚಿ ತೆಗೆದುಕೊಂಡಳು. ಕಸ್ತೂರಿಬಾಯಿ ಎದ್ದು ಹೋಗಿ ಅವಳ ಕೈಯಿಂದ ಎಳೆದುಕೊಂಡಳು. ಒಂದು ಧೋತರದ ಮಡಿಕೆಯಿಂದ ಕರಗಿ ಕಡಲೆಯಷ್ಟಾದ ಬಿಳಿ ಗುಳಿಗೆ ನೆಲಕ್ಕೆ ಬಿದ್ದು ಉರುಳಿತು.

"ಬ್ಯಾಡ," ಎಂದಳು. "ಇದರಾಗ ಡಾಂಬರ ಗುಳಿಗಿ ಐತಿ. ಡಾಕ್ಟರು ಕೇಳಿದ್ರು, ನಾ ಇಲ್ಲ ಅಂದ್ನಿ. ಭಾರ್ಗವಿ ಹಾಲಿನ ತಪ್ಪಲ್ಲ ಇದು."

ನರ್ಸಿಗೆ ಕನ್ನಡ ತಿಳಿಯಲಿಲ್ಲ. ಡಾಕ್ಟರಮ್ಮನನ್ನು ಕರೆದಳು. ಕಸ್ತೂರಿಬಾಯಿ ಅದನ್ನೇ ಇನ್ನೊಮ್ಮೆ ಮರಾಠಿಯಲ್ಲಿ ಹೇಳಬೇಕಾಯಿತು. ಮನೆಯವರ ಎದುರು ಹೇಳಿದ್ದು ಒಂದು ಉಸಿರಿನಲ್ಲಿ ಬಂದಿತ್ತು. ಪರರ ಎದುರು, ಪರಭಾಷೆಯಲ್ಲಿ, ಒಂದೊಂದು ಶಬ್ದವನ್ನೂ ಹುಡುಕಿ ಜೋಡಿಸಬೇಕಾಯಿತು. ಡಾಕ್ಟರಮ್ಮ ಬೈಯಲಿಲ್ಲ. ಎಷ್ಟು ದಿನದಿಂದ ಸುತ್ತುತ್ತಿದ್ದೀರಿ, ಮೈಗೆ ಎಣ್ಣೆ ಇರುತ್ತಿತ್ತೇ ಎಂದು ಕೇಳಿದರು. ಆ ವಾಸನೆ ಉಸಿರಿನಿಂದಲೂ ಹೋಗುತ್ತದೆ, ಎಣ್ಣೆ ಹಚ್ಚಿದ ಎಳೆಯ ಚರ್ಮದಿಂದ ಇನ್ನೂ ಬೇಗ ಹೋಗುತ್ತದೆ ಎಂದರು. ಎಲ್ಲ ಕೂಸುಗಳಿಗೂ ಹೀಗಾಗುವುದಿಲ್ಲ. ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಅಂಶ ಕಡಿಮೆ ಇರುತ್ತದೆ, ಅಂಥವರ ರಕ್ತ ಇದಕ್ಕೆ ತಾಳದೆ ಒಡೆಯುತ್ತದೆ. ಆ ಕೊರತೆ ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುತ್ತದೆ; ಪರೀಕ್ಷೆ ಮಾಡಿಸೋಣ. ತಾಯಿಯ ಹಾಲನ್ನು ಈಗಲೇ ಶುರು ಮಾಡಬಹುದು.

ತಾಯಿಯ ಕಡೆಯಿಂದ ಎಂದಾಗ ಮಂಜುಳಾಬಾಯಿಯ ತಲೆ ತಗ್ಗಿತು. ಕಸ್ತೂರಿಬಾಯಿಯ ಎದೆಯ ಮೇಲಿನ ಕಲ್ಲು ಒಂದು ಗಳಿಗೆ ಇಳಿದಂತಾಯಿತು. ಹಾಗೆ ಹಗುರಾದದ್ದು ಅವಳಿಗೇ ಗೊತ್ತಾಯಿತು. ಇಡೀ ದಿನದಲ್ಲಿ ಅಷ್ಟು ನಾಚಿಕೆ ಇನ್ನಾವುದಕ್ಕೂ ಆಗಿರಲಿಲ್ಲ.

"ತಲಿ ಎತ್ರಿ ಬೀಗರ," ಎಂದಳು ಮೆಲ್ಲಗೆ. "ರಕ್ತದಾಗಿಂದು ಯಾರಿಗೂ ಕಂಡಿರಲಿಲ್ಲ. ವಾಸನಿ ಎಲ್ಲಾರಿಗೂ ಬಂದಿತ್ತು. ನಿಮ್ಮ ಮಗಳು ಬಾಯಿಬಿಟ್ಟು ಹೇಳಿದ್ಲು."

ಮನೋಜ ತಾಯಿಯ ಮುಖ ನೋಡದೆ ಗಂಟು ಕಟ್ಟಿಕೊಂಡು ಹೊರಗೆ ಒಯ್ದ. ಭಾರ್ಗವಿ ಹಾಲು ಕುಡಿಸಲು ಒಳಗೆ ಹೋದಳು.

ರಕ್ತ ಏರಿತು, ಹಳದಿ ಇಳಿಯಿತು, ಕೂಸು ಮತ್ತೆ ಅಳಲು ಕಲಿತು. ಪರೀಕ್ಷೆಯಲ್ಲಿ ಡಾಕ್ಟರಮ್ಮ ಹೇಳಿದ ಕೊರತೆಯೇ ಎಂದು ಖಾತ್ರಿಯಾಯಿತು. ಮನೆಗೆ ಕಳಿಸುವಾಗ ಅವರು ಒಂದು ಮಾತು ಸೇರಿಸಿದರು: ಎತ್ತಿಕೊಳ್ಳುವವರ ಬಟ್ಟೆಗೂ ಆ ವಾಸನೆ ಇರಬಾರದು.

ಕಸ್ತೂರಿಬಾಯಿ ತನ್ನ ಸೀರೆಗಳನ್ನು ಸೋಪಿನಲ್ಲಿ ಎರಡೆರಡು ಸಲ ಒಗೆದು ಹಿತ್ತಲಿನ ತಂತಿಗೆ ಹಾಕಿದಳು. ಒಣಗಿದ ಮೇಲೆ ಮೂಸಿದರೆ ಇನ್ನೂ ಇತ್ತು. ಆಯೇರಿಯ ಸೀರೆಯನ್ನೂ ಅದೇ ಚೀಲದಲ್ಲಿ ತುರುಕಿದ್ದಳಲ್ಲ, ಅದಕ್ಕೂ ಹತ್ತಿತ್ತು. ಫೋನಿನಲ್ಲಿ ಗಂಡನಿಗೆ ಎಲ್ಲ ಹೇಳಿದಳು. ರಾಚಪ್ಪ ಈ ಸಲ ನಗೆಯಾಡಲಿಲ್ಲ. ಟ್ರಂಕನ್ನು ಮನೆಯಿಂದ ಹೊರಗೆ ಇಡುತ್ತೇನೆ ಎಂದ. ಇಡ್ರಿ ಎಂದಳು.

ಅವಳು ಪಡಸಾಲೆಯ ಹೊಸ್ತಿಲಾಚೆ ಕೂತು ಕೂಸಿನ ದನಿ ಕೇಳುತ್ತಿದ್ದಳು. ಯಾರೂ ಅವಳನ್ನು ಒಳಗೆ ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕಡೆಗೆ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದಳು. ಮಂಜುಳಾಬಾಯಿ ಭಕ್ಕರಿ ತಟ್ಟುತ್ತಿದ್ದಳು.

"ಬೀಗರ, ನೀವು ಉಟ್ಟು ಬಿಟ್ಟ ಸೀರಿ ಒಂದು ಕೊಡ್ತೀರೇನ್ರಿ? ಹಳೇದs ಕೊಡ್ರಿ."

ಗಂಡಿನ ತಾಯಿ ಹೆಣ್ಣಿನ ಮನೆಯಲ್ಲಿ ಹೀಗೆ ಕೇಳಿದ್ದನ್ನು ಮಂಜುಳಾಬಾಯಿ ಕಂಡಿರಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು, ಹಗ್ಗದ ಮೇಲಿಂದ ಒಂದು ನೂಲಿನ ಸೀರೆ ಎಳೆದು ಕೊಟ್ಟಳು. ಅಂಚು ಸವೆದಿತ್ತು, ನೆರಿಗೆಯ ಹತ್ತಿರ ಅರಿಶಿನದ ಕಲೆ ಇತ್ತು. ಬಿಸಿಲಿನ ಬಿಸಿ ಇನ್ನೂ ಆರಿರಲಿಲ್ಲ.

ಕಸ್ತೂರಿಬಾಯಿ ಸ್ನಾನ ಮಾಡಿ ಅದನ್ನು ಉಟ್ಟು ಭಾರ್ಗವಿಯ ಮುಂದೆ ಹೋಗಿ ನಿಂತಳು. ಕೈ ಚಾಚಲಿಲ್ಲ. ಭಾರ್ಗವಿ ಕೂಸನ್ನು ಎದೆಗೆ ಒತ್ತಿಕೊಂಡೇ ಎದ್ದು ಬಂದಳು. ಅತ್ತೆಯ ಹೆಗಲಿಗೆ ಮೂಗು ತಂದು ಮೂಸಿದಳು, ಸೆರಗನ್ನು ಎತ್ತಿ ಇನ್ನೊಮ್ಮೆ ಮೂಸಿದಳು. ಕಸ್ತೂರಿಬಾಯಿ ಕಣ್ಣು ನೆಲಕ್ಕಿಟ್ಟು, ಮುಗಿಯುವವರೆಗೆ ಅಲುಗಾಡದೆ ನಿಂತಿದ್ದಳು.

"ಕೂಡ್ರಿ ಅತ್ತಿ," ಎಂದಳು ಭಾರ್ಗವಿ. ಅವಳು ಕೂತಮೇಲೆ ಕೂಸನ್ನು ಮಡಿಲಲ್ಲಿ ಇಟ್ಟಳು, ತಾನೂ ಅಲ್ಲೇ ಪಕ್ಕದಲ್ಲಿ ಕೂತಳು.