ಸ್ಟಿಕ್ಕರ್ ಅಂಟಿಸಿದ ಕ್ಯಾಮೆರಾ

ಕೆಲಸಕ್ಕೆ ಹೋಗುವವರಿಗಾಗಿ ವಿಶ್ವವಿದ್ಯಾಲಯ ಶುರುಮಾಡಿದ ಆನ್‌ಲೈನ್ ಎಂ.ಕಾಂ. ಅದು. ಪಾಠ ಮಧ್ಯಾಹ್ನದ ಊಟದ ಬಿಡುವಿನಲ್ಲಿ. ನಿಯಮಗಳ ಕರಡು ಬರೆದವಳು ಅತಿಥಿ ಉಪನ್ಯಾಸಕಿ ವಾಣಿಶ್ರೀ. ವಿಭಾಗದ ಮುಖ್ಯಸ್ಥ ರುದ್ರಮುನಿ ಒಂದೇ ಒಂದು ಸಾಲು ಸೇರಿಸಿದ್ದರು: ಕ್ಯಾಮೆರಾದಲ್ಲಿ ಮುಖ ಕಾಣದವರು ಗೈರುಹಾಜರು. ಹಾಜರಿ ಕಡಿಮೆಯಾದರೆ ಪರೀಕ್ಷೆಯಿಲ್ಲ.

ಶನಿವಾರದ ಪ್ರಯೋಗದ ತರಗತಿಯಲ್ಲಿ ಮೀನಾಕ್ಷಿ ಎಂಬ ವಿದ್ಯಾರ್ಥಿನಿಯ ಚೌಕ ಮಾತ್ರ ಕಪ್ಪಗಿತ್ತು. ವಾಣಿಶ್ರೀ ಫೋನು ಮಾಡಿದಳು.

"ಕ್ಯಾಮೆರಾ ಯಾಕ ಹಾಕ್ಲಿಲ್ಲಮ್ಮ?"

"ಹಾಕಿದ್ದೆ ಮೇಡಂ. ಫೋನಿನ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಐತಲ್ರಿ. ಒಳಗ ಫೋಟೋ ತೆಗೀಬಾರ್ದು ಅಂತ ನಮ್ಮ ಗುತ್ತೂರು ಫ್ಯಾಕ್ಟ್ರಿ ಗೇಟಲ್ಲೇ ಅಂಟಿಸಿ ಬಿಡ್ತಾರೆ. ಕಿತ್ರೆ ಕೆಲಸ ಹೋಗುತ್ತೆ."

ಮರುದಿನ ಭಾನುವಾರವಾದರೂ ರುದ್ರಮುನಿ ವಿಭಾಗಕ್ಕೆ ಬಂದಿದ್ದರು. ವಾಣಿಶ್ರೀ ಸರಸ್ವತಿ ನಗರದಿಂದ ಆಟೋ ಹಿಡಿದು ಹೋಗಿ ಅವರೆದುರು ನಿಂತು ಮೀನಾಕ್ಷಿಯ ವಿಷಯ ಹೇಳಿದಳು.

"ಒಬ್ಬಳಿಗೋಸ್ಕರ ರೂಲ್ಸ್ ಬದಲಾಗಲ್ಲಮ್ಮ. ನಾಳೆ ಎಲ್ಲಾರೂ ಸ್ಟಿಕ್ಕರ್ ಅಂಟಿಸ್ಕೊಂಡು ಮಲಗ್ತಾರೆ."

"ಕ್ಯಾಮೆರಾ ಹಾಕ್ಕೊಂಡೂ ಮಲಗ್ತಾರೆ ಸಾರ್. ನಿನ್ನೆ ಪ್ರಯೋಗದ ಕ್ಲಾಸಿಗೆ ಕೂತಿದ್ದ ರಾಜಕುಮಾರ್ ಮಲಗಿರಲಿಲ್ವಾ?"

ಪಕ್ಕದ ಮೇಜಿನ ಉಪನ್ಯಾಸಕ ರಾಜಕುಮಾರ್ ತಲೆಯೆತ್ತಿದ. "ಕಣ್ಮುಚ್ಚಿ ಕೇಳ್ತಿದ್ದೆ ಮೇಡಂ. ಏಕಾಗ್ರತೆ ಅಂತಾರೆ."

ರುದ್ರಮುನಿ ನಗಲಿಲ್ಲ. "ಮತ್ತೆ ಹಾಜರಿ ಹೆಂಗೆ ಹಾಕೋದು?"

"ಪಾಠದ ಮೇಲೆ ದಿನಾ ಒಂದು ಪ್ರಶ್ನೆ ಕೇಳ್ತೀನಿ. ಅದಕ್ಕೆ ಸಂಜೆ ಎರಡು ಸಾಲು ಬರೆದು ಕಳಿಸಿದ್ರೆ ಹಾಜರಿ."

"ಎಂಬತ್ತು ಮಂದೀದು ದಿನಾ ಯಾರು ಓದ್ತಾರೆ?"

"ನಾನು."

"ನಿಮ್ಮ ವರ್ಕ್‌ಲೋಡಿಗೆ ಸೇರಲ್ಲ ಮತ್ತೆ."

"ಸೇರಿಸಬ್ಯಾಡ್ರಿ."

ಅವರು ಬೇರೆ ಕಡತ ಬಿಡಿಸಿದರು. ಅವಳು ಕದಲಲಿಲ್ಲ.

"ಕೂಡ್ರಿ," ಎಂದರು ಕೊನೆಗೆ.

"ಸಹಿ ಆಗಲಿ ಸಾರ್."

"ಒಂದು ತಿಂಗಳು ನೋಡೋಣ. ಒಂದು ದಿನ ಓದೋದು ತಪ್ಪಿದ್ರೂ ನನ್ನ ಸಾಲೇ ಖಾಯಂ." ಹೀಗೆಂದು ತಮ್ಮ ಸಾಲನ್ನು ತಾವೇ ಹೊಡೆದುಹಾಕಿ ಸಹಿ ಮಾಡಿದರು.

ಸೋಮವಾರ ಯಂತ್ರಗಳ ಸವಕಳಿಯ ಪಾಠ. ಸಂಜೆಯಾಗುತ್ತಲೇ ಉತ್ತರಗಳು ಬರತೊಡಗಿದವು. ಕೆಲವರು ಒಂದೇ ಉತ್ತರವನ್ನು ಹಂಚಿಕೊಂಡಿದ್ದರು. ವಾಣಿಶ್ರೀ ಅವರಿಗೆ ಬೇರೆ ಪ್ರಶ್ನೆ ಕಳಿಸಿದಳು.

"ರೊಟ್ಟಿ ಆರ್ತೈತೆ, ಬಾರವ್ವ," ಎಂದು ಅತ್ತೆ ಕಸ್ತೂರಮ್ಮ ಕರೆದರು.

"ಇನ್ನೂ ಅರ್ಧ ಮಂದಿ ಅದಾರೆ ಅತ್ತೆ."

"ಮೊದಲನೇ ದಿನಾನೇ ಹಿಂಗಾದ್ರೆ ತಿಂಗಳು ಹೆಂಗೆ ತಳ್ತೀಯ?" ಎನ್ನುತ್ತಲೇ ಅವರು ತಟ್ಟೆಯನ್ನು ತಂದು ಅವಳ ಮುಂದಿಟ್ಟರು.

ಮೀನಾಕ್ಷಿಯ ಉತ್ತರ ಪೂರ್ತಿ ತಪ್ಪಾಗಿತ್ತು, ಆದರೆ ಅವಳೇ ಬರೆದದ್ದಾಗಿತ್ತು. ವಾಣಿಶ್ರೀ ಅವಳಿಗೆ ಹಾಜರಿ ಹಾಕಿದಳು. ಎಲ್ಲಿ ತಪ್ಪಿದೆ ಎಂದು ಬರೆದು ಕಳಿಸಿ, ಮುಂದಿನ ಉತ್ತರ ತೆರೆದಳು.