ಸ್ಪೇನಿನ ಗ್ರಹಣ, ದಂಡಿಗನಹಳ್ಳಿಯ ಕಡುಬು

ವರ್ಷಕ್ಕೊಂದು ದಿನ ಮಾತ್ರ ದಂಡಿಗನಹಳ್ಳಿಯ ರಂಗಸ್ವಾಮಿ ದೇವರಾಗುತ್ತಾನೆ. ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಹೆಂಡತಿ ನೀಲಗಂಗಮ್ಮ ಅವನ ಕಾಲು ತೊಳೆದು, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತಾಳೆ. ಮಿಕ್ಕ ದಿನಗಳಲ್ಲಿ ಅವನ ಮಾತನ್ನು ಆ ಮನೆಯ ನಾಯಿಯೂ ಕೇಳುವುದಿಲ್ಲ ಬಿಡಿ.

ಈ ಸಲ ಅದೇ ದಿನ ಗ್ರಹಣವೂ ವಕ್ಕರಿಸಿತ್ತು. ಅದೂ ಖಗ್ರಾಸ ಸೂರ್ಯಗ್ರಹಣ! ಟಿವಿಯ ಜ್ಯೋತಿಷಿ ವಾರದಿಂದ ಗಂಟಲು ಹರಿದುಕೊಂಡಿದ್ದ. ನೀಲಗಂಗಮ್ಮ ಕೋಳಿ ಕೂಗುವ ಮೊದಲೇ ಎದ್ದು ಕಡುಬು ಬೇಯಿಸಿ, ಮೊಸರಿಗೆ, ಉಪ್ಪಿನಕಾಯಿಗೆ, ಕೊನೆಗೆ ಫ್ರಿಜ್ಜಿನ ತಲೆಯ ಮೇಲೂ ಗರಿಕೆ ಹಾಕಿದಳು.

"ಪೂಜೆ ಮುಗುದ್ಮೇಲೆ ಒಂಬತ್ತು ಗಂಟೆ ಒಳ್ಗೆ ಎಲ್ರೂ ತಿಂದ್ಬುಡಿ. ಆಮೇಲೆ ಅಡ್ಗೆಮನೆಗೆ ಬೀಗ. ಇನ್ನು ನಾಳೆ ಸ್ನಾನ ಆದ್ಮೇಲೇ ಊಟ."

ರಂಗಸ್ವಾಮಿ ಬಚ್ಚಲ ಕಡೆ ನೋಡಿದ. ಸೊಸೆ ಮೇಘಶ್ರೀ ಮೂರು ತಿಂಗಳ ಬಸುರಿ. ಬೆಳಿಗ್ಗೆ ನೀರು ಕುಡಿದರೂ ವಾಂತಿ. ಹುಡುಗಿಗೆ ಅನ್ನ ಸೇರುವುದೇ ಮಧ್ಯಾಹ್ನದ ಮೇಲೆ. ಈಗಲೂ ಬಚ್ಚಲ ಬಾಗಿಲು ಹಿಡಿದು ನಿಂತಿದ್ದಳು.

ಮಗ ಸುದರ್ಶನ್ ಮೊಬೈಲ್ ನೋಡಿ, "ಅವ್ವ, ಇದು ಕಾಣೋದು ಸ್ಪೇನ್ ದೇಶದಲ್ಲಿ, ಐಸ್‌ಲ್ಯಾಂಡಲ್ಲಿ. ಆಗ ನಮ್ಗೆ ರಾತ್ರಿ. ಕಾಣ್ದಿರೋ ಗ್ರಹಣಕ್ಕೆ ಆಚರಣೆ ಇಲ್ಲ ಅಂತ ಪಂಚಾಂಗದಲ್ಲೇ ಐತೆ" ಎಂದ.

"ಅವ್ರಿಗೊಬ್ಬ ಸೂರ್ಯ, ನಮ್ಗೊಬ್ಬ ಸೂರ್ಯ ಅವ್ನೇನ್ಲಾ? ಅಲ್ಲಿ ಇಡುದ್ರೂ ಇಡಿಯೋದು ಇವನ್ನೇ ಕಣ್ಲಾ!"

ವಾದ ಮುಗಿಯಿತು, ಪೂಜೆ ಶುರುವಾಯಿತು. ರಂಗಸ್ವಾಮಿ ತಟ್ಟೆಯಲ್ಲಿ ಕಾಲಿಟ್ಟು ಕೂತ. ನೀಲಗಂಗಮ್ಮ ನೀರು ಹುಯ್ಯಲು ಚೊಂಬೆತ್ತಿದಳು. ಅವನು ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡುಬಿಟ್ಟ.

"ಬೀಗದ ಕೈ ಕೊಟ್ರೆ ಕಾಲು. ಇಲ್ಲಾಂದ್ರೆ ಪೂಜೆನೂ ಇಲ್ಲ, ಏನೂ ಇಲ್ಲ."

"ಏನ್ರೀ ಇದು ನಾಟ್ಕ? ಒಂಬತ್ತು ಗಂಟೆ ಆಯ್ತಾ ಬಂತು!"

"ಆಗ್ಲಿ. ಇವತ್ತು ನಾನು ದೇವ್ರು ಕಣಮ್ಮಿ. ಬಸ್ರಿ ಎಂಗ್ಸು ಅಸ್ಕಂಡಿರೋದು ಈ ದೇವ್ರಿಗೆ ಸರಿ ಓಗಾಕಿಲ್ಲ."

ಸುದರ್ಶನ್ ಮುಸಿಮುಸಿ ನಕ್ಕ. ನೀಲಗಂಗಮ್ಮ ನಗಲಿಲ್ಲ. ಚೊಂಬು ಕೆಳಗಿಟ್ಟಳು.

"ಇವ್ನು ಒಟ್ಟೇಲಿದ್ದಾಗ ದೀಪಾವಳಿ ದಿನ ಗ್ರಹಣ ಇಡೀತಲ್ಲ, ಗ್ಯಾಪ್ಕ ಐತಾ? ನಿಮ್ಮವ್ವ ಮುನ್ನಾ ರಾತ್ರಿಯಿಂದ್ಲೇ ನನ್ನ ಕತ್ಲೆ ಕ್ವಾಣೇಲಿ ಕೂರಿಸಿದ್ರು. ಗುಟ್ಕು ನೀರು ಕೊಡ್ಲಿಲ್ಲ. ನೀವು ಅಂಗ್ಳದಲ್ಲಿ ಸಗಣಿ ನೀರಲ್ಲಿ ಸೂರ್ಯನ್ನ ನೋಡ್ಕಂಡು ಆಹಾ ಓಹೋ ಅಂತಿದ್ರಿ. ಒಳೀಕೆ ಕೇಳುಸ್ತಿತ್ತು. ಅವತ್ತು ಎಲ್ಲೋಗಿತ್ತು ಈ ದೇವ್ರು?"

ರಂಗಸ್ವಾಮಿಗೆ ನಾಚಿಕೆಯಾಯಿತು. ಮಗ, ಸೊಸೆ ಇಬ್ಬರೂ ಅವನನ್ನೇ ನೋಡುತ್ತಿದ್ದರು.

"ಅವತ್ತು ಅವ್ವನ್ನ ಕಂಡ್ರೆ ಭಯ ಇತ್ತು ಕಣಮ್ಮಿ."

"ಇವತ್ತು?"

"ಇವತ್ತು ನಿನ್ನ ಕಂಡ್ರೆ ಭಯ. ಆದ್ರೂ ಕೇಳ್ತಾವ್ನಿ ನೋಡು."

ನೀಲಗಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಸೊಂಟದಿಂದ ಬೀಗದ ಕೈ ಬಿಚ್ಚಿ, ಅವನ ಪಾದದ ಮೇಲೆ ಹೂವಿನ ಜೊತೆ ಅದನ್ನೂ ಇಟ್ಟಳು.

ಮಧ್ಯಾಹ್ನ ಮೇಘಶ್ರೀ ತುಪ್ಪ ಸುರಿದುಕೊಂಡು ಕಡುಬು ತಿಂದಳು. ಅತ್ತೆ ಎರಡು ಸಲ ಅಂಗಳಕ್ಕೆ ಹೋಗಿ ಸೂರ್ಯ ನೆಟ್ಟಗಿದ್ದಾನೆಯೇ ಎಂದು ನೋಡಿ ಬಂದಳು. "ಪಾಪ, ಆ ಸ್ಪೇನಿನ ಬಸ್ರೀರು ಏನ್ ಮಾಡ್ತಾವ್ರೋ" ಎಂದು ಗೊಣಗಿದಳು. ಅಷ್ಟರಲ್ಲಿ ರಂಗಸ್ವಾಮಿ ಇನ್ನೊಂದು ತಟ್ಟೆಗೆ ಎರಡು ಕಡುಬು ಹಾಕಿ ಅವಳ ಮುಂದಿಟ್ಟ.

"ನಾನು ಬೆಳಿಗ್ಗೇನೇ ತಿಂದ್ನಲ್ಲ?"

"ಇದು ಇವತ್ತಿಂದಲ್ಲ. ಆ ದೀಪಾವಳೀದು."

ನೀಲಗಂಗಮ್ಮ ತಟ್ಟೆ ಎತ್ತಿಕೊಂಡಳು. ಎರಡನ್ನೂ ಮುಗಿಸಿದ ಮೇಲೆ ಗಂಡನ ಮುಖ ನೋಡಿದಳು.

"ಇನ್ನೊಂದು ಆಕಿ. ನೀರೂ ತನ್ನಿ, ಅವತ್ತು ನೀರೂ ಕೊಟ್ಟಿರ್ಲಿಲ್ಲ."