ಎಡ ಭುಜದ ಹೊಲಿಗೆ

ಇಷ್ಟೊಂದು ಸೆಂಟು ಯಾಕೆ ಬಳಿದುಕೊಂಡಿದ್ದಾಳೆ ಇವಳು, ಈಸ್ಟರ್ ಭಾನುವಾರದ ಬೆಳಿಗ್ಗೆ, ಮಾತೆ ಮರಿಯಾಳ ಪ್ರತಿಮೆಗೆ ದುಃಖದ ಕಪ್ಪು ಹೊದಿಕೆ ಕಟ್ಟಿ ಬಂದ ಕೈಗೇ ಸೆಂಟು, ದೊನಾತಾ ಮೂಗು ಸಿಂಡರಿಸಿ ಸೊಸೆಯಿಂದ ಅರ್ಧ ಹೆಜ್ಜೆ ಸರಿದಳು, ಸರಿಯಲು ಜಾಗವಾದರೂ ಎಲ್ಲಿ, ಸುಲ್ಮೋನಾದ ಚೌಕದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ, ಅತ್ತೆ, ನನ್ನ ತೋಳು ಹಿಡ್ಕೊಳ್ಳಿ, ನೂಕಿಬಿಡ್ತಾರೆ, ಎಂದಳು ಮಿರೆಲ್ಲಾ, ಆಹಾ ಏನು ದನಿ, ನಮ್ಮೂರಿನ ಸಕ್ಕರೆ ಬಾದಾಮಿಯ ಹಾಗೆ ಮೇಲೆಲ್ಲ ಸಿಹಿ, ಕಚ್ಚಿದರೆ ಹಲ್ಲು ಹೋಗುತ್ತದೆ — ಹಿಡಿದುಕೊಂಡಳು, ಹಿಡಿಯದಿದ್ದರೆ ನೋಡುವವರು ಏನೆಂದಾರು, ಮುದುಕಿಗೆ ಹೊಟ್ಟೆಕಿಚ್ಚು ಎಂದಾರು, ಹೊಟ್ಟೆಕಿಚ್ಚಲ್ಲ ಇದು, ಮೂವತ್ತೊಂದು ವರ್ಷ ಆ ಹೊದಿಕೆ ಕಟ್ಟಿದ್ದು ಈ ಕೈಗಳು, ಎರಡು ಭುಜಕ್ಕೆ ಎರಡು ಗಂಟು, ಹಿಂದೆ ಒಂದು ಎಳೆ, ನಾಲ್ಕು ಜನ ಮಾತೆಯನ್ನು ಹೊತ್ತು ಓಡುವಾಗ ಚೌಕದ ನಡುವೆ ಆ ಎಳೆ ಎಳೆದರೆ ಎರಡೂ ಗಂಟು ಒಟ್ಟಿಗೆ ಬಿಚ್ಚಬೇಕು, ಕಪ್ಪು ಬೀಳಬೇಕು, ಒಳಗಿನ ಹಸಿರು ರೇಷ್ಮೆ ಹೊಳೆಯಬೇಕು, ಪಾರಿವಾಳ ಹಾರಬೇಕು, ಮೂವತ್ತೊಂದು ಸಲವೂ ಬಿತ್ತು, ಒಂದು ಸಲವೂ ತಪ್ಪಲಿಲ್ಲ. ಬೀಳದಿದ್ದರೆ ಊರಿಗೆ ಕೆಟ್ಟ ವರ್ಷ, ಹೊತ್ತವನ ಮನೆಗೆ ಇನ್ನೂ ಕೆಟ್ಟದ್ದು, ಈ ಸಲ ಅಡ್ಡೆಯ ಮುಂದಿನ ಎಡಗಡೆಗೆ ಹೆಗಲು ಕೊಟ್ಟಿರುವವನು ಪಾನ್ಫಿಲೊ, ದೊನಾತಾಳ ಒಬ್ಬನೇ ಮಗ. ಹಾಗಿದ್ದೂ ಹಬ್ಬ ನಡೆಸುವ ಸಂಘದ ಯಜಮಾನ ರೆಮೊ ಮನೆಗೆ ಬಂದು ಕೈ ಹಿಡಿದು, ದೊನಾತಾ, ಸಾಕು ಕಣಮ್ಮ, ಇನ್ಮೇಲೆ ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಕೊಡು, ಸೊಸೆ ಇದ್ದಾಳಲ್ಲ, ಅಂದ — ಕಣ್ಣಿನ ವಿಷಯ ಅವನಿಗೆ ಹೇಳಿದವರು ಯಾರು? ಕಾಫಿಗೆ ಉಪ್ಪು ಹಾಕಿದ್ದು ಒಂದೇ ಸಲ, ಅದನ್ನು ಕಂಡವಳು ಇವಳೊಬ್ಬಳೇ.

ಕ್ರಿಸ್‌ಮಸ್ ಕಳೆದ ಮೇಲೆ ಸಂಜೆಯಾದರೆ ಅಡುಗೆಮನೆ ಬಾಗಿಲು ಮುಚ್ಚುತ್ತಿತ್ತು, ಒಳಗೆ ಇವಳದೇ ಪಿಸುಪಿಸು, ಬಾಗಿಲಿಗೆ ಕಿವಿ ಹಚ್ಚಿದರೆ ಅರ್ಧಂಬರ್ಧ, ಇಲ್ಲ, ಮತ್ತೆ, ಎಡಗಡೆದು ಮೊದಲು, ಅಂತ ಏನೇನೋ, ಫೋನಿನಲ್ಲಿ ರೆಮೊನ ಜೊತೆ ಅಲ್ಲದೆ ಇನ್ಯಾರ ಜೊತೆ, ಬಾಗಿಲು ತಟ್ಟಿದರೆ ಸದ್ದು ನಿಲ್ಲುತ್ತಿತ್ತು, ಬಂದೆ ಅತ್ತೆ, ಅನ್ನುತ್ತಾ ಕೆಂಪಗಿನ ಮುಖ ಹೊತ್ತು ಹೊರಬರುತ್ತಿದ್ದಳು, ಕಳ್ಳಿ. ಬಿಡಲಿಲ್ಲ ದೊನಾತಾ, ಬಿಡುವ ಪೈಕಿಯೇ ಅಲ್ಲ, ಇವತ್ತು ಬೆಳಿಗ್ಗೆ ಎಂಟಕ್ಕೆ ಹೆಂಗಸರೆಲ್ಲ ಕಾಫಿಗೆ ಹೋದಾಗ ಇಗರ್ಜಿಯ ಒಳಕೋಣೆಗೆ ಹೊಕ್ಕಳು, ಮಾತೆಯ ಎಡ ಭುಜದ ಗಂಟನ್ನು ಮುಟ್ಟಿದಳು, ಸಡಿಲ ಅನ್ನಿಸಿತು, ಹೊಸಿಲು ದಾಟುವ ಮೊದಲೇ ಹೊದಿಕೆ ಜಾರಿದರೆ ಊರೆಲ್ಲ ನಕ್ಕೀತು, ಪಾನ್ಫಿಲೊ ತಲೆ ಎತ್ತುವುದು ಹೇಗೆ, ಅಲ್ಲೊಂದು ಹೊಲಿಗೆ ಹಾಕಿದಳು, ಒಂದೇ ಒಂದು, ಬಡಕಲು ಹತ್ತಿ ದಾರದ್ದು, ಜಗ್ಗಿದರೆ ಪಟ್ಟನೆ ಹರಿಯುವಂಥದ್ದು. ಇನ್ನು ಜಾರುವುದಿಲ್ಲ, ಸಮಯಕ್ಕೆ ಬೀಳುತ್ತದೆ, ಎಲ್ಲರೂ ಸೊಸೆಯ ಕೈಗೆ ಮುತ್ತಿಕ್ಕುತ್ತಾರೆ, ಮುತ್ತಿಕ್ಕಲಿ, ಮಾತೆಗೆ ಗೊತ್ತಿರುತ್ತದೆ ಯಾರ ಹೊಲಿಗೆಯೆಂದು.

ಓ, ಶಿಷ್ಯ ಯೋಹಾನ ಹೊರಟ, ಆ ಪ್ರತಿಮೆಯೂ ಹೆಗಲುಗಳ ಮೇಲೆ ತೂಗುತ್ತ ಚೌಕ ದಾಟಿ ಇಗರ್ಜಿಯ ಮುಚ್ಚಿದ ಬಾಗಿಲಿಗೆ, ಸತ್ತ ನಿನ್ನ ಮಗ ಎದ್ದಿದ್ದಾನೆ ತಾಯೀ ಎಂದು ಹೇಳಲು, ಬಾಗಿಲು ತೆರೆಯಲಿಲ್ಲ, ಈಗ ಪೇತ್ರ, ಅವನಿಗಂತೂ ತೆರೆಯುವುದೇ ಇಲ್ಲ, ಮೂರು ಸಲ ಗುರುವನ್ನೇ ಗುರುತಿಲ್ಲ ಅಂದವನ ಮಾತು ಯಾವ ತಾಯಿ ನಂಬುತ್ತಾಳೆ, ಹಿಂದಿನಿಂದ ಯಾರೋ ಕೂಗಿದ, ಏ ಪೇತ್ರಾ, ಸುಳ್ಳ, ಹೋಗೋ ಆಚೆ, ಜನ ನಕ್ಕರು, ದೊನಾತಾಳಿಗೆ ಇಡೀ ಹಬ್ಬದಲ್ಲಿ ಇಷ್ಟವಾದದ್ದು ಇದೇ ಗಳಿಗೆ, ಮಾತೆ ಯಾರನ್ನೂ ಸುಮ್ಮನೆ ನಂಬುವವಳಲ್ಲ, ನನ್ನ ಹಾಗೆ. ಅತ್ತೆ, ಒಂದ್ಮಾತು ಹೇಳ್ಲಾ, ಎಂದಳು ಮಿರೆಲ್ಲಾ, ನಂಗೆ ಬೇಡ ಅಂತ್ಲೇ ಹೇಳಿದ್ದೆ, ರೆಮೊ ಕೇಳ್ಲಿಲ್ಲ, ನಿಮ್ಮ ಗಂಟು ಹಾಳ್ಮಾಡ್ಬಾರ್ದು ಅಂತ ನಾಲ್ಕು ತಿಂಗಳು ಅಡುಗೆಮನೆ ಕುರ್ಚಿಗೆ ಕಿಟಕಿ ಪರದೆ ಕಟ್ಟಿ ಕಟ್ಟಿ ಬಿಚ್ಚಿದೀನಿ, ನೀವು ನಗ್ತೀರಾ ಅಂತ ಬಾಗ್ಲು ಹಾಕ್ಕೋತಿದ್ದೆ, ಸ್ವಲ್ಪ ಸಡಿಲಾನೇ ಇರ್ಬೇಕು ಅಲ್ವಾ, ನೀವು ಹಾಗೇ ಅಲ್ವಾ ಕಟ್ತಿದ್ದಿದ್ದು. ಕುರ್ಚಿ, ಪರದೆ, ಎಡಗಡೆದು ಮೊದಲು — ಹೌದು, ಸಡಿಲವಾಗಿಯೇ ಕಟ್ಟುತ್ತಿದ್ದದ್ದು, ಮೂವತ್ತೊಂದು ವರ್ಷವೂ, ಅದನ್ನು ಹೇಗೆ ಮರೆತಳು, ಮುಖಕ್ಕೆ ಬೆವರೊಡೆಯಿತು, ಕರವಸ್ತ್ರಕ್ಕೆಂದು ಕೋಟಿನ ಜೇಬಿಗೆ ಕೈ ಹಾಕಿದಳು, ಬೆರಳಿಗೆ ದಾರದ ಉಂಡೆ ಸಿಕ್ಕಿತು, ಮೆತ್ತನೆಯದು, ಹತ್ತಿಯದು, ಸುತ್ತಿದ ಕಾಗದ ಇನ್ನೂ ಹರಿದಿಲ್ಲ, ಹೊಸದು ಹೊಸದಾಗಿಯೇ ಇದೆ.

ಹಾಗಾದರೆ ಹೊಲಿದದ್ದು ಯಾವುದರಲ್ಲಿ. ಜೇಬಿನಲ್ಲಿದ್ದದ್ದು ಎರಡು ಉಂಡೆ, ಎರಡೂ ಕಪ್ಪು, ಇನ್ನೊಂದು ಪಾನ್ಫಿಲೊನ ಹೆಗಲ ದಿಂಬು ಹೊಲಿಯಲು ತಂದ ಮೇಣದ ದಾರ, ಸತ್ತ ಗಂಡ ಬೂಟು ಹೊಲಿಯುತ್ತಿದ್ದ ದಾರ, ಇಬ್ಬರು ಗಂಡಸರು ಜಗ್ಗಿದರೂ ಹರಿಯದ್ದು, ಕಣ್ಣು, ಹಾಳು ಕಣ್ಣು, ಸರಿಯಾಗಿಯೇ ಹೇಳಿದ್ದ ರೆಮೊ. ಯೋಹಾನ ಮತ್ತೆ ಹೊರಟಿದ್ದಾನೆ, ಇದು ಮೂರನೆಯ ಕರೆ, ಈ ಸಲ ಬಾಗಿಲು ತೆರೆಯುತ್ತದೆ, ನಿಧಾನವಾಗಿ ಹೋಗುತ್ತಿದ್ದಾನೆ, ಸಮಯವಿದೆ, ಇಗರ್ಜಿಯ ಪಕ್ಕದ ಬಾಗಿಲು ಮೂವತ್ತು ಹೆಜ್ಜೆ, ಮಿರೆಲ್ಲಾ ಓಡು, ಎಡ ಭುಜದ ಹೊಲಿಗೆ ಕತ್ತರಿಸು, ಅಷ್ಟೇ ಹೇಳಬೇಕು, ಆರು ಮಾತು, ಹೇಳಿದರೆ ಇವಳು ಕೇಳುತ್ತಾಳೆ ಯಾವ ಹೊಲಿಗೆ ಅತ್ತೆ, ಯಾರು ಹಾಕಿದ್ದು, ಸುತ್ತ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ, ಯಾಕೆ ಹಾಕಿದೆ ಎಂದು ರೆಮೊ ಕೇಳುತ್ತಾನೆ, ಹರಿದರೂ ಹರಿಯಬಹುದು, ಹಳೆಯ ದಾರ, ಎಷ್ಟು ವರ್ಷದ್ದೋ, ಹರಿಯುತ್ತದೆ, ಓಟದ ರಭಸಕ್ಕೆ ಹರಿಯಲೇಬೇಕು, ಏನಾಯ್ತು ಅತ್ತೆ, ಮುಖ ಬಿಳಿಚ್ಕೊಂಡಿದೆ, ಏನಿಲ್ಲ ಬಿಡೇ, ಬಿಸಿಲು, ಎಂದಳು ದೊನಾತಾ, ಬಾಗಿಲು ತೆರೆಯಿತು.

ಬಂದಳು ಮಾತೆ, ಕಪ್ಪಿನಲ್ಲಿ ಮುಳುಗಿ, ಒಂದೊಂದೇ ಹೆಜ್ಜೆ, ಇನ್ನೂ ನಂಬದವಳಂತೆ, ದೂರದಲ್ಲಿ ಕಮಾನುಗಳ ಕೆಳಗೆ ಸತ್ತು ಎದ್ದ ಮಗನನ್ನು ಕಂಡಳು, ನಿಂತಳು, ವಾದ್ಯ ಮೊಳಗಿತು, ಓಡಿದರು, ಮುಂದೆ ಎಡಕ್ಕೆ ಪಾನ್ಫಿಲೊ, ಕುತ್ತಿಗೆಯ ನರ ಉಬ್ಬಿದೆ, ಹರಿ ದಾರವೇ, ಹರಿ, ಎಳೆ ಎಳೆದರು, ಬಲ ಭುಜದಿಂದ ಕಪ್ಪು ಜಾರಿತು, ಹಸಿರು, ಪಾರಿವಾಳಗಳು, ಹೋ ಎಂದ ಜನ ಅರ್ಧಕ್ಕೇ ಬಾಯಿ ಮುಚ್ಚಿದರು. ಎಡ ಭುಜದ್ದು ಬೀಳಲಿಲ್ಲ. ಓಡುತ್ತಲೇ ಇದ್ದಾರೆ, ಹೊದಿಕೆ ಎಡಗಡೆ ಜೋತು ತೂಗಾಡುತ್ತಿದೆ, ಪಾನ್ಫಿಲೊನ ಮುಖಕ್ಕೆ ಬಡಿಯುತ್ತಿದೆ, ಅವನಿಗೆ ದಾರಿ ಕಾಣುತ್ತಿಲ್ಲ, ವಾದ್ಯ ಒಂದೊಂದಾಗಿ ನಿಂತಿತು, ಯಾರೇ ಕಟ್ಟಿದ್ದು, ಅವಳೇ ಕಣೆ, ಹೊಸಬಳು, ಇಲ್ಲೇ ನಿಂತಿದ್ದಾಳೆ ನೋಡು, ತಲೆಗಳೆಲ್ಲ ಇತ್ತ ತಿರುಗಿದವು, ನಾನು ಸರಿಯಾಗೇ ಕಟ್ಟಿದ್ದೆ, ಅತ್ತೆ, ನೀವಾದ್ರೂ ಹೇಳಿ, ನಿಮ್ಮ ಗಂಟೇ ಅಲ್ವಾ ಅದು, ಎನ್ನುತ್ತಿದ್ದಾಳೆ ಮಿರೆಲ್ಲಾ, ತೋಳು ಬಿಟ್ಟಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದಿದ್ದಾಳೆ, ದೊನಾತಾಳ ಕಣ್ಣಿಗೆ ಈಗ ಎಲ್ಲ ನಿಚ್ಚಳ, ಅಷ್ಟು ದೂರದಿಂದಲೂ, ಎಡ ಭುಜ, ಹಸಿರಿನ ಮೇಲೆ ಜೋತ ಕಪ್ಪು, ಎಡ ಭುಜ, ಒಂದು ಹೊಲಿಗೆ, ಎಡ ಭುಜ